ಸವೆದ ಮುಂದಣ ಹಾಯಿಯನ್ನು ಪರೀಕ್ಷಿಸಿ, ರಿಪೇರಿ ಮಾಡಿ, ಮತ್ತೆ ಏರಿಸುವ ಬಗೆ

ಸಣ್ಣ ಹಾಯಿದೋಣಿಯ ಮುಂದಣ ಹಾಯಿ ಹಳತಾದಾಗ ಮೊದಲು ಕೈಕೊಡುವುದು ಹೊಲಿಗೆಯ ನೂಲು. ಬಟ್ಟೆಯ ಸರದಿ ಬಹಳ ಕಾಲದ ನಂತರ ಬರುತ್ತದೆ. ಪಾಲಿಯೆಸ್ಟರ್ ಹಾಯಿಬಟ್ಟೆಯನ್ನು ಬಿಗಿಯಾಗಿ ನೇಯ್ದು, ರಾಳ ಕೂಡಿಸಿ ಗಟ್ಟಿ ಮಾಡಿರುವುದರಿಂದ ದಾರ ಅದರೊಳಗೆ ಹುದುಗದೆ ಮೇಲ್ಮೈಯಲ್ಲೇ ಉಬ್ಬಿ ನಿಂತಿರುತ್ತದೆ. ಹಾಗಾಗಿ ಹಾಯಿಯು ಕಂಬಿಗೋ ಹಗ್ಗಕ್ಕೋ ಉಜ್ಜಿದಾಗಲೆಲ್ಲ ಪೆಟ್ಟು ತಿನ್ನುವುದು ದಾರವೇ, ಬಿಸಿಲಿನ ನೇರಳಾತೀತ ಕಿರಣಗಳು ಮೊದಲು ದುರ್ಬಲಗೊಳಿಸುವುದೂ ಅದೇ ತೆಳು ಎಳೆಯನ್ನು. ಇದನ್ನು ತಿಳಿಯದೆ ಗಟ್ಟಿ ಬಟ್ಟೆಯ ಹಾಯಿಯನ್ನು ಎಸೆದುಬಿಡುವವರಿದ್ದಾರೆ. ಸತ್ವ ಕಳೆದುಕೊಂಡ ಬಟ್ಟೆಗೆ ತೇಪೆಯ ಮೇಲೆ ತೇಪೆ ಹಾಕಿ ದುಡ್ಡು, ಶ್ರಮ ಎರಡನ್ನೂ ಕಳೆದುಕೊಳ್ಳುವವರೂ ಇದ್ದಾರೆ. ನೂಲು ಹೋಗಿದೆಯೋ ಬಟ್ಟೆ ಹೋಗಿದೆಯೋ ಎಂಬುದನ್ನು ಬೇರ್ಪಡಿಸಿ ನೋಡುವುದನ್ನು ಕಲಿತರೆ ಉಳಿದ ನಿರ್ಧಾರಗಳು ತಾವಾಗಿ ಸ್ಪಷ್ಟವಾಗುತ್ತವೆ.

ಕೈಯಲ್ಲಿರುವುದು ಯಾವ ಹಾಯಿ?

ಹಳೆಯ ದೋಣಿಯೊಂದಿಗೆ ಬಂದ ಚೀಲಗಳ ಮೇಲಿನ ಬರಹವನ್ನು ನಂಬಬಾರದು. ವರ್ಷಗಳ ಬಳಕೆಯಲ್ಲಿ ಒಂದರ ಹಾಯಿ ಇನ್ನೊಂದರ ಚೀಲ ಸೇರಿರುತ್ತದೆ. ಹಾಯಿಯನ್ನು ಹೊರತೆಗೆದು ಸ್ವಚ್ಛವಾದ, ಒಣಗಿದ, ಕಲ್ಲುಮಣ್ಣಿಲ್ಲದ ನೆಲದ ಮೇಲೆ ಪೂರ್ತಿ ಹಾಸಬೇಕು. ಮೂರು ಮೂಲೆಗಳಲ್ಲಿ ಅತ್ಯಂತ ಕಿರಿದಾದ ಕೋನದ್ದು ಮೇಲ್ತುದಿ, ಅಂದರೆ ಹೆಡ್. ಫೋರ್‌ಸ್ಟೇ ಎಂಬ ಮುಂದಿನ ಉಕ್ಕಿನ ಹಗ್ಗಕ್ಕೆ ಸೇರುವ ಅಂಚು ಲಫ್. ಅದರಲ್ಲಿ ಹ್ಯಾಂಕ್ ಎಂಬ ಲೋಹದ ಕೊಂಡಿಗಳಾಗಲಿ, ಹಾಯಿಯನ್ನು ಫೋರ್‌ಸ್ಟೇ ಸುತ್ತ ಸುತ್ತಿಡುವ ಸಾಧನವಾದ ಫರ್ಲರ್‌ನ ಅಲ್ಯೂಮಿನಿಯಂ ತೋಡಿಗೆ ತೂರುವ ಹುರಿ ಹೊಲಿದ ಪಟ್ಟಿಯಾಗಲಿ ಇರುತ್ತದೆ. ಲಫ್‌ನ ಕೆಳಮೂಲೆ ಟ್ಯಾಕ್, ಹಾಯಿಯನ್ನು ಎಳೆದು ಹಿಡಿಯುವ ಶೀಟ್ ಹಗ್ಗಗಳನ್ನು ಕಟ್ಟುವ ಹಿಂದಿನ ಮೂಲೆ ಕ್ಲೂ. ಹೆಡ್‌ನಿಂದ ಕ್ಲೂವರೆಗಿನ ಹಿಂದಿನ ಅಂಚು ಲೀಚ್, ಕೆಳಗಿನ ಅಂಚು ಫುಟ್. ಗಡಿಬಿಡಿಯಲ್ಲಿ ಹೆಡ್ ಮತ್ತು ಟ್ಯಾಕ್ ಅದಲುಬದಲಾಗಿ ಹಾಯಿಯನ್ನು ತಲೆಕೆಳಗಾಗಿ ಏರಿಸುವುದು ಅಪರೂಪವೇನಲ್ಲ. ಅದಕ್ಕಾಗಿ ಮೂರೂ ಮೂಲೆಗಳ ಮೇಲೆ ಅಳಿಸದ ಶಾಯಿಯಲ್ಲಿ ಅವುಗಳ ಹೆಸರು ಬರೆದುಬಿಡುವುದು ಒಳ್ಳೆಯದು.

ಮುಂದಣ ಹಾಯಿ ಚಿಕ್ಕದಾದ ಜಿಬ್ಬೋ, ಹಾಯಿಕಂಬವನ್ನು ದಾಟಿ ಹಿಂದಕ್ಕೆ ಚಾಚುವ ದೊಡ್ಡ ಜೆನೋವಾವೋ ಎಂಬುದು ಅಳತೆಯಿಂದ ತಿಳಿಯುತ್ತದೆ. ಕ್ಲೂವಿನಿಂದ ಲಫ್‌ಗೆ ಲಂಬವಾಗಿ ಟೇಪು ಹಿಡಿದು ದೂರ ಅಳೆಯಬೇಕು. ಬಳಿಕ ದೋಣಿಯ ಮೇಲೆ ಫೋರ್‌ಸ್ಟೇಯ ಬುಡದಿಂದ ಹಾಯಿಕಂಬದ ಮುಂಭಾಗದವರೆಗಿನ ದೂರವನ್ನು ಅಳೆದು, ಮೊದಲ ಅಳತೆಯನ್ನು ಇದರಿಂದ ಭಾಗಿಸಬೇಕು. ಲಂಬದ ಅಳತೆ 4.05 ಮೀಟರ್, ಕಂಬದವರೆಗಿನ ದೂರ 3 ಮೀಟರ್ ಇದ್ದರೆ ಅದು ಶೇಕಡಾ 135ರ ಜೆನೋವಾ. ಶೇಕಡಾ 100ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಜಿಬ್. ತೀರಾ ಚಿಕ್ಕದಾಗಿ, ದಪ್ಪ ಬಟ್ಟೆಯಲ್ಲಿ, ಕಣ್ಣಿಗೆ ಹೊಡೆಯುವ ಬಣ್ಣದಲ್ಲಿ ಇದ್ದರೆ ಅದು ಬಿರುಗಾಳಿಗೆಂದು ಇಟ್ಟ ಸ್ಟಾರ್ಮ್ ಜಿಬ್ ಆಗಿರುವುದು ಬಹುತೇಕ ಖಚಿತ.

ಇನ್ನೊಂದು ದೋಣಿಯಿಂದ ಬಂದ ಹಾಯಿಯಾದರೆ ಲಫ್‌ನ ಉದ್ದವನ್ನೂ ಅಳೆಯಬೇಕು. ಹಾಯಿಯನ್ನು ಮೇಲೇರಿಸುವ ಹ್ಯಾಲ್ಯಾರ್ಡ್ ಹಗ್ಗಕ್ಕೆ ಅಳತೆಪಟ್ಟಿ ಕಟ್ಟಿ, ಕೆಳಗೆಳೆಯಲು ಒಂದು ಹಗ್ಗವನ್ನೂ ಜೊತೆಗೆ ಬಿಗಿದು, ಮೇಲೇರಿಸಿ ನೋಡಿದರೆ ಎಷ್ಟು ಉದ್ದದ ಲಫ್ ಹಿಡಿಸುತ್ತದೆ ಎಂಬುದು ಗೊತ್ತಾಗುತ್ತದೆ. ಫರ್ಲರ್ ಇದ್ದರೆ ಮೇಲಿನ ಸ್ವಿವೆಲ್ ಎಂಬ ತಿರುಗುಕೊಂಡಿ ಮತ್ತು ಕೆಳಗಿನ ಹಗ್ಗ ಸುತ್ತುವ ಡ್ರಮ್ ತೆಗೆದುಕೊಳ್ಳುವ ಜಾಗವನ್ನು ಇದರಲ್ಲಿ ಕಳೆಯಬೇಕು. ಲಫ್ ಪಟ್ಟಿಯೊಳಗಿನ ಹುರಿಯ ದಪ್ಪವೂ ತೋಡಿಗೆ ಹೊಂದಬೇಕು: ಸಣ್ಣ ದೋಣಿಗಳಲ್ಲಿ ಹೆಚ್ಚಾಗಿ ಕಾಣುವುದು 5 ಅಥವಾ 6 ಮಿಲಿಮೀಟರಿನವು. ದಪ್ಪವಾದರೆ ಹಾಯಿ ಏರುವುದಿಲ್ಲ. ತೆಳುವಾದರೆ ಒತ್ತಡ ಬಿದ್ದಾಗ ತೋಡಿನಿಂದ ಕಿತ್ತುಕೊಂಡು ಬರುತ್ತದೆ.

ಪರೀಕ್ಷೆ: ಹೊಲಿಗೆ, ಮೂಲೆ, ಅಂಚು, ಕೊನೆಗೆ ಬಟ್ಟೆ

ಪರೀಕ್ಷೆಯನ್ನು ನೆಲದ ಮೇಲೆಯೇ, ಹಗಲು ಬೆಳಕಿನಲ್ಲಿಯೇ ಮಾಡಬೇಕು. ಮೊದಲು ಹೊಲಿಗೆ. ಪಟ್ಟಿಗಳನ್ನು ಜೋಡಿಸಿರುವ ಓರೆಕೋರೆ ಹೊಲಿಗೆಯ ಮೇಲೆ ಹೆಬ್ಬೆರಳ ಉಗುರನ್ನು ಒತ್ತಿ ಎಳೆಯಬೇಕು. ಗಟ್ಟಿ ದಾರ ಉಗುರಿಗೆ ತಡೆಯುತ್ತದೆ, ಕಿತ್ತುಬರುವುದಿಲ್ಲ. ಹಾಳಾದ ದಾರ ಪುಡಿಪುಡಿಯಾಗಿ ಉದುರುತ್ತದೆ, ಇಲ್ಲವೆ ಒಂದೇ ಎಳೆತಕ್ಕೆ ನಾಲ್ಕಾರು ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಉಗುರಿನಿಂದ ತಿಳಿಯದಿದ್ದರೆ ದಬ್ಬಳದ ತುದಿಯನ್ನು ಒಂದು ಹೊಲಿಗೆಯ ಕೆಳಗೆ ತೂರಿಸಿ ಮೆಲ್ಲಗೆ ಮೇಲೆತ್ತಬೇಕು: ಸಲೀಸಾಗಿ ತುಂಡಾದರೆ ಆ ಸಾಲಿನ ಆಯುಷ್ಯ ಮುಗಿದಿದೆ ಎಂದೇ ಲೆಕ್ಕ. ಇದನ್ನು ಒಂದೆರಡು ಕಡೆ ಮಾಡಿ ಬಿಡುವುದು ಸಾಲದು. ಲೀಚ್ ಕಡೆಯ ತುದಿಗಳು, ಹಾಯಿಕಂಬದ ಅಡ್ಡತೋಳು ತಾಗುವ ಜಾಗ, ಮುಂಬದಿಯ ಕಟಕಟೆಗೆ ಫುಟ್ ಉಜ್ಜುವ ಜಾಗ ಇವುಗಳಲ್ಲಿ ಹೊಲಿಗೆ ಹಾಯಿಯ ನಡುಭಾಗಕ್ಕಿಂತ ಎಷ್ಟೋ ಮುಂಚೆ ಸವೆಯುತ್ತದೆ. ಎರಡು ಮೂರು ಸಾಲು ಹೊಲಿಗೆ ಇರುವಲ್ಲಿ ಒಂದು ಸಾಲು ಉಳಿದಿದೆಯೆಂದು ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ. ಮೂರರ ಭಾರವನ್ನು ಹೊತ್ತ ಆ ಒಂದು ಸಾಲು ಮುಂದಿನ ಜೋರು ಗಾಳಿಗೆ ಹೋಗುತ್ತದೆ, ಬಿಚ್ಚಿಕೊಂಡ ಹೊಲಿಗೆ ಲೀಚ್‌ನಿಂದ ಲಫ್‌ವರೆಗೆ ಓಡಲು ಕೆಲವು ಕ್ಷಣ ಸಾಕು.

ಬಳಿಕ ಮೂಲೆಗಳು. ಕ್ಲೂ ಮೂಲೆಯ ಉಂಗುರ ಉದ್ದುದ್ದವಾಗಿ ಹಿಗ್ಗಿದೆಯೇ, ಅದರ ಸುತ್ತಲಿನ ಬಟ್ಟೆಯಲ್ಲಿ ಸೀಳು ಕಾಣಿಸಿಕೊಂಡಿದೆಯೇ, ಉಂಗುರವನ್ನು ಹಾಯಿಗೆ ಬಿಗಿದ ನಾಡಾಪಟ್ಟಿಯ ಹೊಲಿಗೆ ಸಡಿಲವೇ ಎಂಬುದನ್ನು ಕೈಯಿಂದ ಅಲುಗಿಸಿ ನೋಡಬೇಕು. ಹ್ಯಾಂಕ್‌ಗಳಿದ್ದರೆ ಉಕ್ಕಿನ ಹಗ್ಗ ತಾಗುವ ಒಳಬದಿಯಲ್ಲಿ ತೋಡು ಬಿದ್ದಿರುತ್ತದೆ; ಲೋಹದ ಅರ್ಧದಷ್ಟು ಸವೆದಿದ್ದರೆ ಬದಲಿಸಲೇಬೇಕು. ಸ್ಪ್ರಿಂಗ್ ಇರುವ ಪಿನ್ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲವಾದರೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಜಿಡ್ಡಿಲ್ಲದ ಲೂಬ್ರಿಕೆಂಟ್ ಹಾಕಿದರೆ ಹೆಚ್ಚಿನವು ಸರಿಯಾಗುತ್ತವೆ.

ಫರ್ಲರ್ ಹಾಯಿಗಳಲ್ಲಿ ಲೀಚ್ ಮತ್ತು ಫುಟ್ ಉದ್ದಕ್ಕೂ ಬಿಸಿಲುಪಟ್ಟಿ ಹೊಲಿದಿರುತ್ತಾರೆ. ಹಾಯಿ ಸುತ್ತಿಕೊಂಡಾಗ ಹೊರಗೆ ಉಳಿಯುವುದು ಇದೊಂದೇ. ಇದರ ಬಟ್ಟೆ, ಅದರಲ್ಲೂ ಅಕ್ರಿಲಿಕ್ ಬಟ್ಟೆ, ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಆದರೆ ಅದನ್ನು ಹಿಡಿದ ಸಾಮಾನ್ಯ ಪಾಲಿಯೆಸ್ಟರ್ ದಾರ ವರ್ಷವಿಡೀ ಬಿಸಿಲಲ್ಲೇ ಇರುವುದರಿಂದ ಬೇಗ ಹೋಗುತ್ತದೆ. ಪಟ್ಟಿಯ ಅಂಚು ಎಲ್ಲಿಯಾದರೂ ಎದ್ದಿದ್ದರೆ, ಅದರ ಕೆಳಗಿನ ಹಾಯಿಬಟ್ಟೆಯನ್ನೂ ಎತ್ತಿ ನೋಡಬೇಕು. ಪಟ್ಟಿ ಹರಿದ ಕಡೆ ಬಿಸಿಲು ನೇರವಾಗಿ ಹಾಯಿಗೇ ಬಿದ್ದಿರುತ್ತದೆ.

ಬಟ್ಟೆಯ ಪರೀಕ್ಷೆ ಕೊನೆಗೆ ಬರಬೇಕು, ಏಕೆಂದರೆ ಇದರ ಉತ್ತರದ ಮೇಲೆ ಎಲ್ಲವೂ ನಿಂತಿದೆ. ಬಿಸಿಲು ಬಿದ್ದ ಲೀಚ್ ಅಂಚಿನಲ್ಲಿ, ಮಡಿಕೆಯ ಪಕ್ಕದ ಒಂದೇ ಪದರದ ಬಟ್ಟೆಯಲ್ಲಿ, ದಬ್ಬಳವನ್ನು ಚುಚ್ಚಿ ಪಕ್ಕಕ್ಕೆ ಒತ್ತಬೇಕು. ಗಟ್ಟಿ ಬಟ್ಟೆಯಲ್ಲಿ ಎಳೆಗಳು ಸರಿದು ಜಾಗ ಕೊಡುತ್ತವೆ, ಆದರೆ ತುಂಡಾಗುವುದಿಲ್ಲ. ಬೆರಳಿನಿಂದ ತೀಡಿದರೆ ತೂತು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಸತ್ವ ಕಳೆದ ಬಟ್ಟೆ ಒಣಗಿದ ಹಪ್ಪಳದಂತೆ ಪಟಪಟನೆ ಸೀಳುತ್ತಾ ಹೋಗುತ್ತದೆ. ಹೀಗೆ ಸೀಳಿದ್ದು ಅಂಚಿನಲ್ಲಿ ಮಾತ್ರವಾದರೆ ಆ ಪಟ್ಟಿಯನ್ನು ಬದಲಿಸಬಹುದು. ನಡುಭಾಗದಲ್ಲೂ ಇದೇ ಆದರೆ ರಿಪೇರಿಯ ಮಾತು ಅಲ್ಲಿಗೇ ನಿಲ್ಲಬೇಕು. ಸೀಳುವ ಬಟ್ಟೆಯ ಮೇಲೆ ಹೊಸ ತೇಪೆ ಹೊಲಿದರೆ ಹೊಲಿಗೆಯ ಸೂಜಿತೂತುಗಳ ಸಾಲಿನಲ್ಲೇ ಹಾಯಿ ಹರಿಯುತ್ತದೆ.

ಬಟ್ಟೆ ಗಟ್ಟಿಯಿದ್ದೂ ಆಕಾರ ಕೆಟ್ಟಿರಬಹುದು. ಇದನ್ನು ನೆಲದ ಮೇಲೆ ಕಾಣಲಾಗದು. ಹದವಾದ ಗಾಳಿಯಲ್ಲಿ, ಗಾಳಿಗೆದುರು ಓರೆಯಾಗಿ ಸಾಗುವಾಗ, ಫುಟ್‌ನ ನಡುವೆ ಕೂತು ಕ್ಯಾಮೆರಾವನ್ನು ನೇರ ಮೇಲಕ್ಕೆ ಹಿಡಿದು ಚಿತ್ರ ತೆಗೆದರೆ ಹಾಯಿಯ ಉಬ್ಬು ಎಲ್ಲಿದೆ ಎಂಬುದು ತಿಳಿಯುತ್ತದೆ. ಉಬ್ಬಿನ ಅತಿ ಆಳದ ಜಾಗ ಲಫ್‌ನಿಂದ ಸುಮಾರು ಶೇಕಡಾ 35ರಿಂದ 40ರಷ್ಟು ಹಿಂದೆ ಇರಬೇಕು. ಹಳೆಯ ಹಾಯಿಯಲ್ಲಿ ಅದು ನಡುವಿನಾಚೆಗೆ ಸರಿದಿರುತ್ತದೆ. ದೋಣಿ ಮುಂದೆ ಹೋಗುವುದಕ್ಕಿಂತ ಪಕ್ಕಕ್ಕೆ ವಾಲುವುದೇ ಹೆಚ್ಚಾಗುತ್ತದೆ. ಹ್ಯಾಲ್ಯಾರ್ಡ್ ಬಿಗಿದಾಗ ಉಬ್ಬು ಮುಂದಕ್ಕೆ ಬಂದರೆ ಹಾಯಿಗೆ ಇನ್ನೂ ಕಾಲವಿದೆ. ಎಷ್ಟು ಬಿಗಿದರೂ ಬಾರದಿದ್ದರೆ ಬಟ್ಟೆ ಹಿಗ್ಗಿದೆ; ಇದನ್ನು ಹಾಯಿ ಹೊಲಿಯುವವರು ಬಿಚ್ಚಿ ಮರುಕತ್ತರಿಸಬಲ್ಲರೇ ಹೊರತು ಮನೆಯಲ್ಲಿ ಆಗುವ ಕೆಲಸವಲ್ಲ.

ಹೊಲಿಯುವ ಮೊದಲು ತೊಳೆಯುವುದು

ಉಪ್ಪು ಹಿಡಿದ ಬಟ್ಟೆಗೆ ಅಂಟುಪಟ್ಟಿ ಕೂರುವುದಿಲ್ಲ, ಉಪ್ಪಿನ ಹರಳು ಎಳೆಗಳನ್ನೂ ಉಜ್ಜುತ್ತದೆ. ಸಿಹಿನೀರು, ಮೆದು ಸೋಪು, ಮೆತ್ತನೆಯ ಬ್ರಷ್ಷು ಇಷ್ಟೇ ಸಾಕು. ವಾಷಿಂಗ್ ಮೆಷೀನಿಗೆ ಹಾಕಿದರೆ ರಾಳ ಬಿಟ್ಟುಹೋಗಿ ಬಟ್ಟೆ ಮೆತ್ತಗಾಗುತ್ತದೆ, ಆಕಾರ ಕೆಡುತ್ತದೆ. ಬೂಷ್ಟಿನ ಕಲೆಗೆ ತೆಳುವಾಗಿ ಕಲಸಿದ ಬ್ಲೀಚನ್ನು ಪಾಲಿಯೆಸ್ಟರ್ ಬಟ್ಟೆಯ ಮೇಲೆ ಬಳಸಬಹುದು. ನೈಲಾನ್ ಮತ್ತು ಕೆವ್ಲಾರ್‌ನಂಥ ಅರಾಮಿಡ್ ಎಳೆಗಳನ್ನು ಅದು ಹಾಳುಮಾಡುವುದರಿಂದ ಬಟ್ಟೆ ಯಾವುದೆಂದು ಖಚಿತವಿಲ್ಲದಿದ್ದರೆ ಬಳಸಬಾರದು. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಹಿಡಿಸುತ್ತದೆ. ಕೈಗವಸು ಹಾಕಿಕೊಂಡು ಬಳಸಬೇಕು, ಬ್ಲೀಚ್ ಜೊತೆಗೆ ಎಂದಿಗೂ ಬೆರೆಸಬಾರದು. ಒಣಗಿಸುವಾಗ ಹಾಯಿಯನ್ನು ಗಾಳಿಗೆ ಪಟಪಟಿಸಲು ಬಿಡುವುದು ಸವೆತಕ್ಕೆ ನೇರ ದಾರಿ. ನೆರಳಿನಲ್ಲಿ ಹಾಸಿ ಅಥವಾ ತೂಗುಹಾಕಿ ಒಣಗಿಸಬೇಕು.

ರಿಪೇರಿ

ಬೇಕಾಗುವುದು ಇಷ್ಟು: ಮೂರು ಮೂಲೆಯ ತುದಿಯುಳ್ಳ ಹಾಯಿಸೂಜಿಗಳು, ಅಂಗೈಗೆ ಹಾಕಿಕೊಂಡು ಸೂಜಿಯನ್ನು ತಳ್ಳುವ ಚರ್ಮದ ಪಾಮ್, ಪಾಲಿಯೆಸ್ಟರ್ ದಾರ, ಜೇನುಮೇಣ, ಎರಡೂ ಬದಿ ಅಂಟಿರುವ ಪಟ್ಟಿ, ಹಾಯಿಯದೇ ತೂಕದ ಒಂದಿಷ್ಟು ಬಟ್ಟೆ, ಹಿಂಬದಿ ಅಂಟಿರುವ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಹಾಯಿಬಟ್ಟೆ. ಸೂಜಿಯ ಸಂಖ್ಯೆ ಹೆಚ್ಚಾದಂತೆ ಸೂಜಿ ತೆಳುವಾಗುತ್ತದೆ; ಸಣ್ಣ ದೋಣಿಯ ಹಾಯಿಗೆ 16 ಅಥವಾ 17ನೆಯ ಸಂಖ್ಯೆಯದು ಸಾಮಾನ್ಯವಾಗಿ ಹೊಂದುತ್ತದೆ. ಬಟ್ಟೆಯ ತೂಕವನ್ನು ಹಾಯಿಗಾರರ ಔನ್ಸಿನಲ್ಲಿ ಹೇಳಿದರೆ, ಒಂದು ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 43 ಗ್ರಾಂ.

ಬಿಚ್ಚಿದ ಹೊಲಿಗೆಯಿಂದ ಪ್ರಾರಂಭಿಸುವುದು ಸರಿ, ಏಕೆಂದರೆ ಹೆಚ್ಚಿನ ಹಾಯಿಗಳಿಗೆ ಬೇಕಾಗುವುದು ಇದೇ. ಹಳೆಯ ದಾರವನ್ನು ಕೀಳುವ ಮೊದಲು ಎರಡೂ ಪಟ್ಟಿಗಳನ್ನು ದಾಟುವಂತೆ 15 ಸೆಂಟಿಮೀಟರಿಗೊಂದು ಪೆನ್ಸಿಲ್ ಗೆರೆ ಎಳೆಯಬೇಕು. ಈ ಗೆರೆಗಳು ಮತ್ತೆ ಒಂದಕ್ಕೊಂದು ಕೂಡಿದರೆ ಮಾತ್ರ ಹಾಯಿಯ ಉಬ್ಬು ಮೊದಲಿನಂತೆಯೇ ಉಳಿಯುತ್ತದೆ; ಬೆರಳಗಲ ಸರಿದರೂ ಒಂದು ಪಟ್ಟಿ ನೆರಿಗೆಗಟ್ಟುತ್ತದೆ. ದಾರದ ಚೂರುಗಳನ್ನೆಲ್ಲ ತೆಗೆದು, ಪಟ್ಟಿಗಳ ನಡುವೆ ಅಂಟುಪಟ್ಟಿ ಇಟ್ಟು, ಗೆರೆಗೆ ಗೆರೆ ಕೂಡಿಸಿ ಒತ್ತಬೇಕು. ಅನಂತರ ದಾರವನ್ನು ಮೇಣದ ಮೇಲೆ ಎರಡು ಸಲ ಎಳೆದು, ಗಟ್ಟಿಯಿರುವ ಹಳೆಯ ಹೊಲಿಗೆಯ ಮೇಲೆಯೇ ಒಂದು ಗೇಣಿನಷ್ಟು ಹಿಂದಿನಿಂದ ಪ್ರಾರಂಭಿಸಿ, ಹಳೆಯ ಸೂಜಿತೂತುಗಳಲ್ಲೇ ಸೂಜಿಯನ್ನು ಇಳಿಸುತ್ತಾ ಹೋಗಬೇಕು. ಹೊಸ ತೂತು ಎಂದರೆ ಬಟ್ಟೆಗೆ ಹೊಸ ಗಾಯ. ಒಂದು ದಿಕ್ಕಿಗೆ ಹೋಗುವಾಗ ಓರೆಕೋರೆಯ ಅರ್ಧ ಮಾತ್ರ ಮೂಡುತ್ತದೆ. ಅದೇ ತೂತುಗಳಲ್ಲಿ ಹಿಂತಿರುಗಿ ಬರುವಾಗ ಉಳಿದರ್ಧ ತುಂಬುತ್ತದೆ. ದಾರವನ್ನು ಬಟ್ಟೆಗೆ ತಾಗಿ ಕೂರುವಷ್ಟು ಮಾತ್ರ ಬಿಗಿಯಬೇಕು. ಹೆಚ್ಚು ಎಳೆದರೆ ಹೊಲಿಗೆಯುದ್ದಕ್ಕೂ ಸುಕ್ಕು ಬೀಳುತ್ತದೆ, ಆ ಸುಕ್ಕು ಗಾಳಿಯಲ್ಲಿ ಹೋಗುವುದಿಲ್ಲ. ಉದ್ದನೆಯ ಹೊಲಿಗೆಗೆ ಓರೆಕೋರೆ ಹಾಕಬಲ್ಲ ಮನೆಯ ಹೊಲಿಗೆ ಯಂತ್ರವೂ ಆದೀತು, ಒಂದೆರಡು ಪದರಗಳ ಮಟ್ಟಿಗೆ. ಮೂಲೆಗಳ ದಪ್ಪಕ್ಕೆ ಅದನ್ನು ಒಡ್ಡಿದರೆ ಸೂಜಿ ಮುರಿಯುತ್ತದೆ.

ಹರಿದ ಜಾಗಕ್ಕೆ ತೇಪೆ ಹಾಕುವಾಗ ಹಾಸು ಹೊಕ್ಕುಗಳ ದಿಕ್ಕನ್ನು ಮರೆಯಬಾರದು. ತೇಪೆಯ ಎಳೆಗಳು ಹಾಯಿಯ ಎಳೆಗಳಿಗೆ ಸಮಾನಾಂತರವಾಗಿರಬೇಕು. ಓರೆಯಾದರೆ ಸುತ್ತಲಿನ ಬಟ್ಟೆಗಿಂತ ಹೆಚ್ಚು ಹಿಗ್ಗಿ ತೇಪೆಯ ಸುತ್ತ ಗುಳಿ ಬೀಳುತ್ತದೆ. ಹಾಯಿಯನ್ನು ಸಮತಟ್ಟಾದ ಹಲಗೆಯ ಮೇಲೆ ಪಿನ್ನುಗಳಿಂದ ಸಮನಾಗಿ ಎಳೆದು ಕೂರಿಸಿ, ಹರಿದ ಅಂಚುಗಳನ್ನು ಒಂದಕ್ಕೊಂದು ಮುಟ್ಟಿಸಿ, ಹಿಂಬದಿಯಿಂದ ಅಂಟುಪಟ್ಟಿ ಹಚ್ಚಬೇಕು. ಮದ್ಯಸಾರದಲ್ಲಿ ಒರೆಸಿ, ಅದು ಪೂರ್ತಿ ಆರಿದ ಬಳಿಕ ಹರಿದ ಜಾಗಕ್ಕಿಂತ ಎಲ್ಲ ಕಡೆ 4ರಿಂದ 5 ಸೆಂಟಿಮೀಟರ್ ದೊಡ್ಡದಾದ ತೇಪೆಯನ್ನು ಇಡಬೇಕು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಅವು ಏಳುವುದಿಲ್ಲ. ಹಾಯಿಯದೇ ತೂಕದ ಬಟ್ಟೆ, ಇಲ್ಲವೆ ತುಸು ತೆಳುವಾದದ್ದು ಸರಿ. ದಪ್ಪ ಬಟ್ಟೆ ಹಾಕಿದರೆ ಭದ್ರವಾಗುತ್ತದೆ ಎಂಬ ಎಣಿಕೆ ತಪ್ಪು, ತೇಪೆಯ ಅಂಚಿನಲ್ಲೇ ಹಾಯಿ ಮತ್ತೆ ಹರಿಯುತ್ತದೆ. ಅಂಗೈಯಗಲಕ್ಕಿಂತ ಚಿಕ್ಕ ಹರಕಿಗೆ ಹಾಯಿಯ ಎರಡೂ ಬದಿಯಲ್ಲಿ ಅಂಟು ಡೇಕ್ರಾನ್ ಹಚ್ಚಿ ಚಮಚದ ಬೆನ್ನಿನಿಂದ ಉಜ್ಜಿದರೆ ಆ ಋತುವಿಗೆ ಸಾಕಾದೀತು. ಅದಕ್ಕಿಂತ ದೊಡ್ಡದಾದರೆ, ಅಥವಾ ಲೀಚ್‌ಗೆ ಹತ್ತಿರವಿದ್ದರೆ, ಸುತ್ತಲೂ ಓರೆಕೋರೆ ಹೊಲಿಗೆ ಹಾಕಲೇಬೇಕು. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವುದರಿಂದ, ಕತ್ತರಿಸಿದ ಅಂಚುಗಳನ್ನು ಬೆಸುಗೆ ಕಡ್ಡಿಯ ತುದಿಯಿಂದ ತೀಡಿದರೆ ಎಳೆ ಬಿಡುವುದು ನಿಲ್ಲುತ್ತದೆ. ಗಾಳಿಯಾಡುವ ಜಾಗದಲ್ಲಿ ಮಾಡಬೇಕಾದ ಕೆಲಸವಿದು.

ಬಿಸಿಲುಪಟ್ಟಿಯನ್ನು ಮರುಹೊಲಿಯುವಾಗ ಒಂದು ಎಚ್ಚರ ಸಾಕು: ಪಟ್ಟಿಯನ್ನು ಹಾಯಿಗಿಂತ ಬಿಗಿಯಾಗಿ ಎಳೆಯಬಾರದು. ಎಳೆದರೆ ಲೀಚ್ ಒಳಕ್ಕೆ ಕೊಕ್ಕೆಯಂತೆ ಬಾಗಿ ಗಾಳಿಯ ಹರಿವನ್ನು ತಡೆಯುತ್ತದೆ. ದುಬಾರಿಯಾದರೂ ಈ ಒಂದು ಜಾಗಕ್ಕೆ ಪಿಟಿಎಫ್‌ಇ (ಟೆಫ್ಲಾನ್ ಬಗೆಯ) ದಾರ ಬಳಸುವುದು ನನ್ನ ಮಟ್ಟಿಗೆ ಸರಿಯಾದ ಖರ್ಚು. ಬಿಸಿಲು ಆ ದಾರವನ್ನು ಕೆಡಿಸುವುದಿಲ್ಲ.

ಕ್ಲೂ ಉಂಗುರದ ನಾಡಾಪಟ್ಟಿ ಸಡಿಲವಾಗಿದ್ದರೆ ಹಳೆಯದನ್ನು ಬಿಚ್ಚಿ, ಹೊಸ ಪಾಲಿಯೆಸ್ಟರ್ ಪಟ್ಟಿಯನ್ನು ಉಂಗುರದೊಳಗಿಂದ ಹಾಯಿಸಿ, ಹಾಯಿಯ ಎರಡೂ ಬದಿಗೆ ಹರಡಿ, ಪಾಮ್ ಬಳಸಿ ಕೈಯಲ್ಲೇ ಹೊಲಿಯಬಹುದು. ಇಲ್ಲಿ ಪದರಗಳು ದಪ್ಪವಾದ್ದರಿಂದ ಮೊದಲು ದಬ್ಬಳದಿಂದ ತೂತು ಮಾಡಿಕೊಂಡು, ಸೂಜಿಯನ್ನು ಇಕ್ಕಳದಿಂದ ಎಳೆದುಕೊಳ್ಳಬೇಕಾಗುತ್ತದೆ. ಒತ್ತಿ ಕೂರಿಸಿದ ಉಂಗುರವೇ ಕಿತ್ತಿದ್ದರೆ ಅದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಹಾಯಿ ಹೊಲಿಯುವವರಲ್ಲಿಗೆ ಒಯ್ಯುವುದೇ ಉತ್ತಮ.

ಮತ್ತೆ ಏರಿಸುವುದು

ಗಾಳಿ ಬಹಳ ಕಡಿಮೆಯಿರುವ ಹೊತ್ತಿನಲ್ಲಿ, ದೋಣಿಯ ಮೂತಿ ಗಾಳಿಗೆ ಎದುರಾಗಿರುವಾಗ ಹಾಯಿ ಏರಿಸಬೇಕು. ಮೊದಲು ಟ್ಯಾಕ್ ಕಟ್ಟಿ, ಬಳಿಕ ಹ್ಯಾಂಕ್‌ಗಳನ್ನು ಕೆಳಗಿನಿಂದ ಮೇಲಕ್ಕೆ, ಎಲ್ಲವೂ ಒಂದೇ ಬದಿಯಿಂದ ಬರುವಂತೆ ಹಾಕಬೇಕು. ಒಂದು ತಿರುಚಿದರೂ ಹಾಯಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಶೀಟ್‌ಗಳನ್ನು ಕ್ಲೂಗೆ ಬೋಲೈನ್ ಎಂಬ ಜಾರದ ಕುಣಿಕೆಯ ಗಂಟಿನಿಂದ ಕಟ್ಟಬೇಕು. ಅಲ್ಲಿ ಶ್ಯಾಕಲ್ ಎಂಬ ಲೋಹದ ಕೊಂಡಿ ಬೇಡವೇ ಬೇಡ: ಹಾಯಿ ಪಟಪಟಿಸುವಾಗ ಅದು ತಲೆಗೆ ಬಡಿದರೆ ಪ್ರಾಣಾಪಾಯ. ಶೀಟ್‌ಗಳ ಇನ್ನೊಂದು ತುದಿಗೆ ಎಂಟರಾಕಾರದ ಗಂಟು ಹಾಕಿದರೆ ರಾಟೆಯಿಂದ ಕಳಚಿಕೊಂಡು ಹೋಗುವುದಿಲ್ಲ.

ಫರ್ಲರ್‌ನಲ್ಲಿ ಗಮನಿಸಬೇಕಾದದ್ದು ಮೇಲ್ತುದಿ. ಹಾಯಿ ಪೂರ್ತಿ ಏರಿದಾಗ ಮೇಲಿನ ಸ್ವಿವೆಲ್ ಫಾಯಿಲ್‌ನ, ಅಂದರೆ ಆ ಅಲ್ಯೂಮಿನಿಯಂ ತೋಡಿನ, ತುದಿಗೆ ಹತ್ತಿರವಿರಬೇಕು, ಹ್ಯಾಲ್ಯಾರ್ಡ್ ಅದರಿಂದ ಹಿಂದಕ್ಕೆ ಸುಮಾರು 10 ಡಿಗ್ರಿಯಷ್ಟು ಓರೆಯಾಗಿ ಕಂಬದ ಕಡೆ ಹೋಗಬೇಕು. ಹಾಯಿ ಗಿಡ್ಡವಾಗಿದ್ದು ಸ್ವಿವೆಲ್ ಕೆಳಗೇ ಉಳಿದರೆ ಹ್ಯಾಲ್ಯಾರ್ಡ್ ಫೋರ್‌ಸ್ಟೇಗೆ ಸಮಾನಾಂತರವಾಗಿ, ಸುತ್ತುವಾಗ ಅದಕ್ಕೇ ಸುತ್ತಿಕೊಳ್ಳುತ್ತದೆ. ಇದಕ್ಕೆ ಹೆಡ್ ಮತ್ತು ಸ್ವಿವೆಲ್ ನಡುವೆ ತಕ್ಕ ಉದ್ದದ ಉಕ್ಕಿನ ಹಗ್ಗದ ತುಂಡು ಹಾಕುವುದು ಪರಿಹಾರ. ಸುತ್ತುವಾಗ ಫರ್ಲರ್ ಬಿಗಿಯಾದರೆ ಹಗ್ಗವನ್ನು ವಿಂಚ್ ಎಂಬ ಎಳೆಯುವ ಯಂತ್ರಕ್ಕೆ ಹಾಕಿ ಬಲವಂತವಾಗಿ ಎಳೆಯಲೇಬಾರದು. ಮೇಲೆ ಹ್ಯಾಲ್ಯಾರ್ಡ್ ಸುತ್ತಿಕೊಂಡಿದ್ದರೆ ಫೋರ್‌ಸ್ಟೇಯ ಎಳೆಗಳು ತಿರುಚಿ ತುಂಡಾಗಬಹುದು, ಹಾಯಿಕಂಬವೇ ಬೀಳಬಹುದು. ಬಿಸಿಲುಪಟ್ಟಿ ಹೊರಬದಿಗೆ ಬರುವಂತೆ ಹಾಯಿ ಸುತ್ತಿಕೊಳ್ಳುತ್ತಿದೆಯೇ ಎಂದೂ ನೋಡಬೇಕು. ಒಳಗೆ ಹೋಗುತ್ತಿದ್ದರೆ ಡ್ರಮ್ ಮೇಲಿನ ಹಗ್ಗವನ್ನು ಬಿಚ್ಚಿ ಎದುರು ದಿಕ್ಕಿಗೆ ಸುತ್ತಬೇಕು. ಹಾಯಿ ಪೂರ್ತಿ ಸುತ್ತಿದ ಮೇಲೆ ಶೀಟ್‌ಗಳು ಅದರ ಸುತ್ತ ಇನ್ನೂ ಎರಡು ಮೂರು ಸುತ್ತು ಬರುವಷ್ಟು ಹಗ್ಗ ಬೇಕಾಗುತ್ತದೆ ಎಂಬುದನ್ನು ಡ್ರಮ್ ತುಂಬುವಾಗಲೇ ಲೆಕ್ಕ ಹಾಕಬೇಕು.

ಹ್ಯಾಲ್ಯಾರ್ಡ್ ಬಿಗಿತವನ್ನು ಲಫ್ ನೋಡಿ ತೀರ್ಮಾನಿಸಬೇಕು. ಹ್ಯಾಂಕ್‌ಗಳ ನಡುವೆ ಬಟ್ಟೆ ಜೋಲುತ್ತಿದ್ದರೆ ಸಡಿಲ; ಲಫ್‌ಗೆ ಸಮಾನಾಂತರವಾಗಿ ಉದ್ದ ಮಡಿಕೆ ಬಿದ್ದಿದ್ದರೆ ಬಿಗಿ ಹೆಚ್ಚು. ಶೀಟಿನ ರಾಟೆಯನ್ನು ಮೊದಲಿಗೆ ಎಲ್ಲಿಡಬೇಕೆಂದರೆ, ಶೀಟಿನ ಗೆರೆಯನ್ನು ಕ್ಲೂವಿನಾಚೆಗೆ ಮನಸ್ಸಿನಲ್ಲೇ ಮುಂದುವರಿಸಿದಾಗ ಅದು ಲಫ್‌ನ ನಡುವಿನ ಆಸುಪಾಸಿಗೆ ಮುಟ್ಟುವಂತೆ. ಆಮೇಲೆ ಉಣ್ಣೆಯ ಎಳೆಗಳು ದಾರಿ ತೋರಿಸುತ್ತವೆ. ಲಫ್‌ನಿಂದ ಒಂದು ಗೇಣಿನಷ್ಟು ಹಿಂದೆ, ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಜೋಡಿ ಎಳೆ ಅಂಟಿಸಿ, ದೋಣಿಯನ್ನು ನಿಧಾನವಾಗಿ ಗಾಳಿಗೆದುರು ತಿರುಗಿಸಬೇಕು. ಗಾಳಿ ಬರುವ ಬದಿಯ ಮೂರೂ ಎಳೆಗಳು ಒಟ್ಟಿಗೆ ಮೇಲೇಳಬೇಕು. ಮೇಲಿನದು ಮೊದಲು ಎದ್ದರೆ ರಾಟೆಯನ್ನು ಮುಂದಕ್ಕೆ, ಕೆಳಗಿನದು ಮೊದಲು ಎದ್ದರೆ ಹಿಂದಕ್ಕೆ ಸರಿಸಬೇಕು. ಲೀಚ್ ಪಟಪಟಿಸುತ್ತಿದ್ದರೆ ಅದರ ಮಡಿಕೆಯೊಳಗಿನ ಹುರಿಯನ್ನು ಸದ್ದು ನಿಲ್ಲುವಷ್ಟು ಮಾತ್ರ ಎಳೆದು ಕಟ್ಟಬೇಕು.

ಮೊದಲ ಓಟದಿಂದ ಮರಳಿದ ಕೂಡಲೆ ಹಾಯಿಯನ್ನು ಕೆಳಗಿಳಿಸಿ ಹೊಸ ಹೊಲಿಗೆಗಳನ್ನು ಮತ್ತೊಮ್ಮೆ ಉಗುರಿನಿಂದ ನೋಡಬೇಕು. ಎಲ್ಲಿಯಾದರೂ ಕಪ್ಪು ಗೀರು ಕಂಡರೆ ಹಾಯಿ ಏನನ್ನೋ ಉಜ್ಜುತ್ತಿದೆ ಎಂದರ್ಥ. ಗೀರಿನ ಎತ್ತರವನ್ನು ಅಳೆದು ಕಂಬದ ಮೇಲೆ ಅದೇ ಎತ್ತರದಲ್ಲಿ ಹುಡುಕಿದರೆ ಚೂಪಾದ ಪಿನ್ನೋ ಅಡ್ಡತೋಳಿನ ಬರಿ ತುದಿಯೋ ಸಿಗುತ್ತದೆ. ಅದಕ್ಕೆ ಪಟ್ಟಿ ಸುತ್ತಿ, ಹಾಯಿಯ ಆ ಜಾಗಕ್ಕೆ ಅಂಟು ಡೇಕ್ರಾನಿನ ಒಂದು ತುಂಡು ಹಚ್ಚಬೇಕು. ಹಾಯಿಯನ್ನು ವಾರಗಟ್ಟಲೆ ಬಳಸುವುದಿಲ್ಲವೆಂದಾದರೆ ಫರ್ಲರ್ ಮೇಲೆ ಬಿಡದೆ ಇಳಿಸಿ, ಒಣಗಿಸಿ, ಫುಟ್‌ಗೆ ಸಮಾನಾಂತರವಾಗಿ ಮಡಿಸಿ ಚೀಲಕ್ಕೆ ಹಾಕಬೇಕು; ಪ್ರತಿ ಸಲವೂ ಮಡಿಕೆ ಬೀಳುವ ಜಾಗವನ್ನು ತುಸು ಬದಲಿಸಬೇಕು.